ಕ್ಲೋಡಿನ್ ಕಾಲಿನ ಹಳದಿ ಗೆರೆ

ಸೋನ್ವಿಲಿಯೆ, 4 ಮಾರ್ಚ್ 1964

ಕುಮಾರಿ ಮೆಂಗಾ ಕಾಮೆನಿಶ್ ಅವರಿಗೆ,

ನೀವು ವಾಪಸು ಕಳಿಸಿದ ಸ್ಕ್ರೂ ತಲುಪಿತು. ತಲೆ ಹಾರಿದೆ, ಒಪ್ಪಿದೆ. ಆದರೆ ಅದನ್ನು ಮಾಡಿದ ಕೈ ಮೂವತ್ತೆಂಟು ವರ್ಷ ಗಡಿಯಾರದ ಬಿಡಿಭಾಗ ಮಾಡಿದ ಕೈ. ನಿಮ್ಮ ಪ್ರಯೋಗಾಲಯದಲ್ಲಿ ಕುರಿಗಳ ಕಾಲಿಗೆ ಸ್ಕ್ರೂ ಹಾಕುವ ಆ ಡಾಕ್ಟರಿಗೆ ಸ್ವಲ್ಪ ಹೇಳಿ: ಇದು ಎರಡು ಬೆರಳಲ್ಲಿ ತಿರುಗಿಸುವ ವಸ್ತು, ಭುಜದಿಂದ ತಿರುಗಿಸುವುದಲ್ಲ.

ಜಗಳ ಮುಗಿಯಿತು. ಈಗ ನನ್ನದೊಂದು ಪ್ರಶ್ನೆ. ಮೂಳೆಯನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವವರು ನೀವು ಅಂತ ನಮ್ಮ ಮಾಲೀಕರು ಹೇಳಿದರು. ನನ್ನ ಮಗಳು ಕ್ಲೋಡಿನ್‌ಗೆ ಹತ್ತೊಂಬತ್ತು. ಹೋದ ಅಕ್ಟೋಬರಿನಲ್ಲಿ ಲಾಯದಲ್ಲಿ ಕುದುರೆ ಒದ್ದು ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಯಿತು. ಆಸ್ಪತ್ರೆಯ ಸರ್ಜನ್ ಶೊಫಾ ಹೊಸ ಪದ್ಧತಿಯವರು. ಕಾಲಿಗೆ ಸುಣ್ಣದ ಕಟ್ಟು ಹಾಕಲಿಲ್ಲ. ಉಕ್ಕಿನ ಪ್ಲೇಟು ಇಟ್ಟು ಎಂಟು ಸ್ಕ್ರೂ ಬಿಗಿದರು. ಎಂಟೂ ನನ್ನವು. ಮೂರನೇ ವಾರಕ್ಕೆ ಅವಳು ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು!

ಈಗ ಎಕ್ಸ್-ರೇಯಲ್ಲಿ ಮುರಿದ ಗೆರೆಯೇ ಕಾಣುವುದಿಲ್ಲ. ಆದರೆ ನಮ್ಮೂರಿನ ಮುದಿ ವೈದ್ಯರು ತಲೆ ಅಲ್ಲಾಡಿಸುತ್ತಾರೆ. "ಕೂಡಿದ ಮೂಳೆ ಸುತ್ತ ಗಂಟು ಕಟ್ಟಬೇಕು ಗ್ರೋಜಾನ್, ಇಲ್ಲೆಲ್ಲಿದೆ ಗಂಟು? ಕೂಡಿಲ್ಲ ಇದು," ಅನ್ನುತ್ತಾರೆ. ಸರ್ಜನ್ ಮಾತ್ರ ಈ ಬೇಸಗೆಯಲ್ಲೇ ಪ್ಲೇಟು ತೆಗೆಯೋಣ ಅನ್ನುತ್ತಾರೆ. ಆಗಸ್ಟಿನ ಎರಡನೇ ಭಾನುವಾರ ಸೆನ್ಯೆಲೆಜಿಯೆಯ ಕುದುರೆ ಸಂತೆಯಲ್ಲಿ ಹುಡುಗಿಯರ ಓಟ. ಜೀನು ಇಲ್ಲದೆ, ಬರೀ ಬೆನ್ನಿನ ಮೇಲೆ. ಕ್ಲೋಡಿನ್‌ಗೆ ಅದರದ್ದೇ ಜಪ. ಕಾಲಲ್ಲಿ ಉಕ್ಕು ಇಟ್ಟುಕೊಂಡವಳನ್ನು ಓಟಕ್ಕೆ ಬಿಡುವುದಿಲ್ಲ.

ಗಂಟಿಲ್ಲದೆ ಮೂಳೆ ಕೂಡುತ್ತದೆಯೇ? ಇಷ್ಟು ಹೇಳಿ ಸಾಕು.

ಆರ್ಮಾನ್ ಗ್ರೋಜಾನ್

ಕೂರ್, 11 ಮಾರ್ಚ್ 1964

ಮಾನ್ಯ ಗ್ರೋಜಾನ್ ಅವರಿಗೆ,

ನಿಮ್ಮ ಸಂದೇಶವನ್ನು ನಮ್ಮ ಡಾಕ್ಟರಿಗೆ ಓದಿ ಹೇಳಿದೆ. ಅವರ ಮುಖ ಕೆಂಪಾಯಿತು. ಬಹಳ ಸಂತೋಷ ಪಟ್ಟೆ.

ಕೂಡುತ್ತದೆ. ಗಂಟಿಲ್ಲದೆಯೂ ಕೂಡುತ್ತದೆ. ಎಲ್ಲರೂ ಮೂಳೆ ಅಂದರೆ ಕಲ್ಲು ಅಂದುಕೊಂಡಿರುತ್ತಾರೆ. ಅದರೊಳಗೆ ಹಗಲೂ ರಾತ್ರಿ ಕೆಲಸ ನಡೆಯುತ್ತಿರುತ್ತದೆ. ಅಗೆಯುವ ಜೀವಕೋಶಗಳ ತಂಡವೊಂದು ಮುಂದೆ ಸುರಂಗ ಕೊರೆಯುತ್ತಾ ಹೋಗುತ್ತದೆ, ದಿನಕ್ಕೆ ಒಂದು ಕೂದಲೆಳೆಯ ದಪ್ಪಕ್ಕಿಂತ ಜಾಸ್ತಿ ಇಲ್ಲ. ಹಿಂದೆಯೇ ಕಟ್ಟುವ ಜೀವಕೋಶಗಳು ಬಂದು ಸುರಂಗದ ಗೋಡೆಗೆ ಪದರದ ಮೇಲೆ ಪದರ ಹೊಸ ಮೂಳೆ ಬಳಿಯುತ್ತವೆ. ಮುರಿದ ತುದಿಗಳು ಅಲುಗಾಡುತ್ತಿದ್ದರೆ ದೇಹ ಗಾಬರಿಯಾಗಿ ಸುತ್ತ ಗಂಟು ಕಟ್ಟಿಬಿಡುತ್ತದೆ. ನಿಮ್ಮ ಸ್ಕ್ರೂಗಳ ಹಾಗೆ ಬಿಗಿಯಾಗಿ ಹಿಡಿದಿದ್ದರೆ ಗಂಟಿನ ಅಗತ್ಯವೇ ಇಲ್ಲ. ಸುರಂಗಗಳು ಈ ತುಂಡಿನಿಂದ ಆ ತುಂಡಿಗೆ ನೇರವಾಗಿ ದಾಟಿ ಎರಡನ್ನೂ ಹೊಲಿದು ಬಿಡುತ್ತವೆ. ಮೊದಲ ಸಲ ನೋಡಿದಾಗ ನಾನು ಊಟ ಮರೆತಿದ್ದೆ.

ಎಕ್ಸ್-ರೇಯಲ್ಲಿ ಗೆರೆ ಮಾಯವಾದ ಮೇಲೆ ಈ ಕೆಲಸ ಮುಗಿಯುವುದಕ್ಕೆ ಇನ್ನೆಷ್ಟು ದಿನ ಬೇಕು? ಅದನ್ನೇ ಕುರಿಗಳಲ್ಲಿ ನೋಡುತ್ತಿದ್ದೇವೆ. ಪ್ರಯೋಗ ಮುಗಿದಿಲ್ಲ. ಮುಗಿಯುವ ತನಕ ಹೊರಗೆ ಒಂದಕ್ಷರವೂ ಹೋಗಬಾರದು, ಅದರಲ್ಲೂ ಪ್ಲೇಟು, ಸ್ಕ್ರೂ ಮಾಡುವವರಿಗೆ ಹೋಗಲೇಬಾರದು ಅಂತ ನಿರ್ದೇಶಕರ ಆಜ್ಞೆ. ಕುರಿ ಬೇರೆ, ಮನುಷ್ಯರು ಬೇರೆ. ಸರ್ಜನ್ ಕಣ್ಣಾರೆ ಕಂಡವರು, ಅವರಿಗೇ ಗೊತ್ತಿರುತ್ತದೆ.

ಮೆಂಗಾ ಕಾಮೆನಿಶ್

ಸೋನ್ವಿಲಿಯೆ, 2 ಏಪ್ರಿಲ್ 1964

ಕುಮಾರಿ ಕಾಮೆನಿಶ್ ಅವರಿಗೆ,

ನಿಮ್ಮ ಪತ್ರವನ್ನು ಮುದಿ ವೈದ್ಯರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಸುರಂಗವಂತೆ! ನಿನ್ನ ಮಗಳ ಕಾಲೇನು ರೈಲು ಮಾರ್ಗವೇನಯ್ಯಾ?" ಅಂದು ಎದ್ದು ಹೋದರು. ಪ್ಲೇಟು ತೆಗೆಯುವುದು ಬೇಡ ಅಂತ ನೀವು ಎಲ್ಲೂ ಅನ್ನಲಿಲ್ಲ. ಬೇಡ ಅನ್ನುವ ಹಾಗಿದ್ದರೆ ನಿಮ್ಮಂಥವರು ಹೇಳದೆ ಇರುತ್ತಿರಲಿಲ್ಲ. ನನಗೆ ಅಷ್ಟೇ ಬೇಕಿತ್ತು.

ಈಗ ಕೇಳಿ. ಕೆಲಸ ಮುಗಿಯಿತೋ ಇಲ್ಲವೋ ಅಂತ ತಿಳಿಯಲು ಕೊಯ್ದೇ ನೋಡಬೇಕಾ? ನಮ್ಮ ಕಸುಬಿನಲ್ಲಿ ಗಡಿಯಾರ ಬಿಚ್ಚುವ ಮೊದಲು ಅದರ ಬಡಿತ ಕೇಳುತ್ತೇವೆ. ಪುಟ್ಟ ಮೈಕಿನ ಮೇಲೆ ಗಡಿಯಾರ ಇಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಯಾವ ಹಲ್ಲು ಸವೆದಿದೆ ಅಂತ ಕೇಳಿಯೇ ಹೇಳಬಹುದು. ಆ ಮೈಕನ್ನು ಕ್ಲೋಡಿನ್ ಪಾದದ ಗಂಟಿನ ಹತ್ತಿರ ಕಟ್ಟಿದೆ. ಮೊಣಕಾಲಿನ ಕೆಳಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.

"ಅಪ್ಪಾ, ನಾನೇನು ಕಲ್ಲಂಗಡಿನಾ?" ಅಂದಳು.

ಮೊದಲು ಒಳ್ಳೆಯ ಕಾಲು: ಟಣ್ ಅಂತ ಚೊಕ್ಕ ಸದ್ದು. ಆಮೇಲೆ ಮುರಿದ ಕಾಲು: ಅದಕ್ಕಿಂತ ಚೊಕ್ಕ! ಬಿರುಕು ಬಿಟ್ಟ ಪಾತ್ರೆ ಬಡಿದರೆ ಗೊತ್ತಾಗುವುದಿಲ್ಲವೇ? ಇಲ್ಲಿ ಬಿರುಕೇ ಇಲ್ಲ. ಹನ್ನೆರಡು ಸಲ ತಟ್ಟಿದೆ. ಕೊನೆಗೆ ಅವಳೇ ಸುತ್ತಿಗೆ ಕಿತ್ತುಕೊಂಡು ನನ್ನ ಕಾಲಿಗೆ ಬಾರಿಸಿದಳು. "ನಿಂದೇ ಟೊಳ್ಳು ಅಪ್ಪಾ," ಅಂತ ನಕ್ಕಳು. ಅಕ್ಟೋಬರಿನಿಂದ ಈಚೆಗೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಏನನ್ನುತ್ತೀರಿ?

ಗ್ರೋಜಾನ್

ಕೂರ್, 14 ಏಪ್ರಿಲ್ 1964

ಮಾನ್ಯ ಗ್ರೋಜಾನ್ ಅವರಿಗೆ,

ಇಡೀ ದಿನ ನಿಮ್ಮ ಪತ್ರವನ್ನು ಜೇಬಲ್ಲಿಟ್ಟುಕೊಂಡು ತಿರುಗಿದೆ. ಎಂಟು ವರ್ಷದಿಂದ ಮೂಳೆ ಕೊಯ್ಯುತ್ತಿದ್ದೇನೆ, ಒಂದನ್ನಾದರೂ ತಟ್ಟಿ ನೋಡೋಣ ಅಂತ ಹೊಳೆಯಲಿಲ್ಲವಲ್ಲ! ಇದು ನಿಜವಾಗಿದ್ದರೆ ನನ್ನ ಗರಗಸವನ್ನು ಗೋಡೆಗೆ ನೇತು ಹಾಕಬಹುದು.

ಇನ್ನೊಂದು ಮೈಕು, ಹೆಡ್‌ಫೋನು ಇದ್ದರೆ ದಯವಿಟ್ಟು ಕಳಿಸಿ. ಅಪ್ಪಿತಪ್ಪಿಯೂ 'ಗಡಿಯಾರದ ಸಾಮಾನು' ಅಂತ ಬರೆಯಬೇಡಿ, ಉಗ್ರಾಣದವನು ತನ್ನ ಮೇಜಿನಲ್ಲಿ ಇಟ್ಟುಕೊಳ್ಳುತ್ತಾನೆ. ಮೇ ತಿಂಗಳಲ್ಲಿ ಕುರಿಯ ಮೂಳೆಗಳು ಕೈಗೆ ಸಿಗುತ್ತವೆ. ಸಿಕ್ಕ ತಕ್ಷಣ ಪರೀಕ್ಷೆ ಮಾಡುತ್ತೇನೆ. ಅಲ್ಲಿಯ ತನಕ ಇದನ್ನು ಒಂದು ಕುತೂಹಲ ಅಂತ ಮಾತ್ರ ಇಟ್ಟುಕೊಳ್ಳೋಣವೇ?

ನಿಮ್ಮ ಮಗಳಿಗೆ ನನ್ನ ನಮಸ್ಕಾರ. ಜೀನಿಲ್ಲದೆ ಕುದುರೆಯ ಮೇಲೆ ಹೇಗೆ ಕೂರುತ್ತಾರೆ? ನನಗೆ ಹೇಸರಗತ್ತೆಯ ಮೇಲೆ ಕೂತೇ ತಲೆ ತಿರುಗಿತ್ತು.

ಮೆಂಗಾ ಕಾಮೆನಿಶ್

ಸೋನ್ವಿಲಿಯೆ, 22 ಏಪ್ರಿಲ್ 1964

ಕುಮಾರಿ ಕಾಮೆನಿಶ್ ಅವರಿಗೆ,

ಮೈಕು, ಹೆಡ್‌ಫೋನು ಕಳಿಸಿದ್ದೇನೆ. ಡಬ್ಬಿಯ ಮೇಲೆ 'ಕುರಿಯ ಮದ್ದು' ಅಂತ ಬರೆದಿದ್ದೇನೆ. ಜೊತೆಗೆ ನಮ್ಮ ಬೆಟ್ಟದ ಚೀಸ್ ಒಂದು ಗುಂಡು. ಅದು ಉಗ್ರಾಣದವನಿಗಲ್ಲ.

ಸರ್ಜನ್ ಶೊಫಾ ಅವರ ಕಿವಿಗೇ ಹೆಡ್‌ಫೋನ್ ಹಾಕಿಸಿದೆ. ಮೂರು ಸಲ ಕೇಳಿದರು. ನಿಮ್ಮ ಪತ್ರವನ್ನೂ ಓದಿದರು. ಪ್ಲೇಟು ತೆಗೆಯುವ ದಿನ ಗೊತ್ತಾಯಿತು: ಮೇ 14. ಓಟಕ್ಕೆ ಇನ್ನೂ ಮೂರು ತಿಂಗಳು ಉಳಿಯುತ್ತದೆ. ಕ್ಲೋಡಿನ್ ಲಾಯಕ್ಕೆ ಹೋಗಿ ಆ ಕುದುರೆಯ ಕಿವಿಯಲ್ಲಿ ಏನೋ ಹೇಳಿ ಬಂದಳು. ಒದ್ದ ಕುದುರೆಯೇ! ಅದರ ಮೇಲೇ ಓಡುತ್ತಾಳಂತೆ.

ಜೀನಿಲ್ಲದೆ ಹೇಗೆ ಕೂರುತ್ತೀರಿ ಅಂತ ಅವಳನ್ನೇ ಕೇಳಿದೆ. "ಬೀಳೋ ಯೋಚನೆ ಬಿಟ್ಟು ಕೂರ್ತೀವಿ ಅಂತ ಬರಿ," ಅಂದಳು.

ಗ್ರೋಜಾನ್

ಕೂರ್, 19 ಮೇ 1964

ಗ್ರೋಜಾನ್ ಅವರೇ,

ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಹದಿನಾಲ್ಕು ದಾಟಿದೆ ಅಂತ ಗೊತ್ತು. ಕ್ಲೋಡಿನ್‌ಗೆ ಈಗಲೇ ಊರುಗೋಲು ಕೊಡಿ. ಕುದುರೆಯ ಮಾತು ಬಿಡಿ, ಮೆಟ್ಟಿಲನ್ನೂ ಹತ್ತಿಸಬೇಡಿ.

ನಿನ್ನೆ ಕುರಿಯ ಮೂಳೆಗಳು ಸಿಕ್ಕವು. ಪ್ಲೇಟು ಇರುವ ಒಂದನ್ನು ತಟ್ಟಿದೆ. ನೀವು ಹೇಳಿದ ಹಾಗೆಯೇ ಟಣ್ ಅಂದಿತು. ಆಮೇಲೆ ಸುಮ್ಮನೆ ನೋಡೋಣ ಅಂತ ಪ್ಲೇಟಿನ ಕೆಳಗೆ ಗರಗಸ ಹಾಕಿ ಮೂಳೆಯನ್ನು ಪೂರ್ತಿ ಎರಡು ತುಂಡು ಮಾಡಿದೆ. ಮತ್ತೆ ತಟ್ಟಿದೆ. ಅದೇ ಟಣ್! ಹಾಡುತ್ತಿದ್ದದ್ದು ಪ್ಲೇಟು. ನಾವಿಬ್ಬರೂ ಕೇಳಿದ್ದು ಉಕ್ಕಿನ ಸದ್ದು, ಮೂಳೆಯದ್ದಲ್ಲ.

ಇನ್ನೂ ಒಂದು ಇದೆ. ಇದನ್ನು ಮಾರ್ಚಿನಲ್ಲೇ ಬರೆಯಬೇಕಿತ್ತು. ಹನ್ನೊಂದು ಕುರಿಗಳಿಗೆ ಗೆರೆ ಮಾಯವಾದ ತಕ್ಷಣ ಪ್ಲೇಟು ತೆಗೆದಿದ್ದೆವು. ನಾಲ್ಕರ ಕಾಲು ಹುಲ್ಲುಗಾವಲಿನಲ್ಲಿ ನಿಂತಲ್ಲೇ ಮತ್ತೆ ಮುರಿಯಿತು. ಗೆರೆ ಹೋದರೂ ಒಳಗೆ ಸುರಂಗಗಳು ಖಾಲಿ ಇರುತ್ತವೆ. ಅದೂ ಅಲ್ಲದೆ ಭಾರವನ್ನೆಲ್ಲ ಪ್ಲೇಟು ಹೊತ್ತುಕೊಂಡರೆ ಕೆಳಗಿನ ಮೂಳೆಗೆ ಕೆಲಸವಿಲ್ಲದೆ ತೂತು ಬೀಳುತ್ತದೆ. ಫೆಬ್ರವರಿಯಿಂದಲೇ ನನಗೆ ಇದು ಗೊತ್ತಿತ್ತು. ಕೆಲಸ ಹೋಗುತ್ತದೆ ಅಂತ ಹೆದರಿ ಬಾಯಿ ಮುಚ್ಚಿಕೊಂಡೆ.

ದಯವಿಟ್ಟು ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಮೆಂಗಾ

ಸೋನ್ವಿಲಿಯೆ, 2 ಜೂನ್ 1964

ಕುಮಾರಿ ಕಾಮೆನಿಶ್ ಅವರಿಗೆ,

ನಾನು ಕ್ಲೋಡಿನ್. ಅಪ್ಪ ಬರೆಯುವುದಿಲ್ಲ. ಅಪ್ಪ ಮಾತೂ ಆಡುತ್ತಿಲ್ಲ. ನಿಮ್ಮ ಪತ್ರ 21ಕ್ಕೆ ಬಂತು. ಓದಿ ಖಾನೆಯಲ್ಲಿ ಇಟ್ಟುಬಿಟ್ಟರು. ನಾನು ತೆಗೆದು ಓದಿದೆ.

ಪ್ಲೇಟು 14ಕ್ಕೇ ತೆಗೆದರು. ಕಾಲು ಮುರಿದದ್ದು 17ಕ್ಕೆ, ಪೆಂಟೆಕಾಸ್ಟ್ ಹಬ್ಬದ ಭಾನುವಾರ. ಕುದುರೆಯೂ ಇಲ್ಲ, ಓಟವೂ ಇಲ್ಲ. ಕಾಫಿ ಪಾತ್ರೆ ಹಿಡಿದು ಅಡುಗೆಮನೆಯ ಒಂದೇ ಒಂದು ಮೆಟ್ಟಿಲು ಇಳಿದೆ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಹಬ್ಬಕ್ಕೆ ಬಂದಿದ್ದ ಚಿಕ್ಕಮ್ಮನ ಹೊಸ ಲಂಗದ ಮೇಲೆಲ್ಲ ಕಾಫಿ. ಅವಳು ಮೊದಲು ಲಂಗಕ್ಕೆ ಅತ್ತಳು, ಆಮೇಲೆ ನನಗೆ.

ಈಗ ಮತ್ತೆ ಪ್ಲೇಟು, ಇನ್ನೂ ಉದ್ದದ್ದು, ಹತ್ತು ಸ್ಕ್ರೂ. ಓಟ ಮುಗಿದ ಕಥೆ. ನಾಲ್ಕು ಕುರಿಗಳ ವಿಷಯ ಓದಿದಾಗ ಮೈಯೆಲ್ಲ ಉರಿದು ಹೋಯಿತು, ಸುಳ್ಳು ಹೇಳುವುದಿಲ್ಲ. ಕುರಿಗಳಿಗೆ ಏನಾಯಿತು ಅಂತ ನನಗೆ ಯಾರೂ ಹೇಳಲಿಲ್ಲವಲ್ಲ!

ಆದರೂ ಒಂದು ಯೋಚನೆ ಬಿಡುತ್ತಿಲ್ಲ. ನಿಜವಾಗಿ ಒಳಗೆ ಏನಾಗಿತ್ತು? ಅಪ್ಪ ಒಂದು ಹೇಳಿದರು, ವೈದ್ಯರು ಒಂದು, ನೀವು ಒಂದು. ನೋಡಿದವರು ಯಾರೂ ಇಲ್ಲ. ಸರ್ಜನ್ ಮುರಿದ ಅಂಚಿನಿಂದ ಒಂದು ಚೂರು ಕೆತ್ತಿ ತೆಗೆದಿದ್ದರು, ಎಸೆಯುವುದರಲ್ಲಿದ್ದರು. "ಅದು ನಂದು, ಕೊಡಿ ಇಲ್ಲಿ," ಅಂದೆ. ಸ್ಪಿರಿಟ್ಟಿನಲ್ಲಿ ಹಾಕಿಸಿ ಕಳಿಸುತ್ತಿದ್ದೇನೆ. ಕೊಯ್ದು ನೋಡಿ. ಈ ಸಲ ಕಂಡದ್ದನ್ನು ಪೂರ್ತಿ ಬರೆಯಬೇಕು.

ಕ್ಲೋಡಿನ್ ಗ್ರೋಜಾನ್

ಕೂರ್, 30 ಜೂನ್ 1964

ಪ್ರಿಯ ಕ್ಲೋಡಿನ್,

ನೀನು ಅನ್ನುತ್ತೇನೆ, ಬೇಜಾರಿಲ್ಲವಷ್ಟೇ? ನಾಲ್ಕು ವಾರ ನಿನ್ನ ಮೂಳೆಯ ಜೊತೆ ಕೂತು ಬಹುವಚನ ಬಾಯಿಗೆ ಬರುತ್ತಿಲ್ಲ. ಕ್ಷಮೆ ಕೇಳುತ್ತೇನೆ. ನಾನು ಬಾಯಿ ಬಿಟ್ಟಿದ್ದರೆ ನಿನ್ನ ಕಾಲು ಗಟ್ಟಿಯಾಗಿ ಇರುತ್ತಿತ್ತು. ಇದಕ್ಕೆ ನನ್ನ ಬಳಿ ಯಾವ ಸಬೂಬೂ ಇಲ್ಲ.

ಈಗ ಕಂಡದ್ದು. ಚೂರನ್ನು ರಾಳದಲ್ಲಿ ಕೂರಿಸಿ, ಕೊಯ್ದು, ಗಾಜಿನ ಮೇಲೆ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದೆ. ಸುರಂಗಗಳು ಮುರಿದ ಜಾಗ ದಾಟಿದ್ದವು. ನಿನ್ನ ಮೂಳೆ ತನ್ನ ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತಿತ್ತು, ನಾವೇ ಬಿಡಲಿಲ್ಲ.

ಆಮೇಲೆ ನೇರಳೆ ದೀಪ ಹಾಕಿದೆ. ಅದು ನಾವು ಕುರಿಗಳಿಗೆ ಮಾತ್ರ ಹಾಕುವ ದೀಪ. ಕುರಿಗಳಿಗೆ ಟೆಟ್ರಾಸೈಕ್ಲಿನ್ ಅನ್ನುವ ಔಷಧ ಕೊಡುತ್ತೇವೆ. ಅದು ಕೊಟ್ಟ ದಿನ ಕಟ್ಟಿದ ಮೂಳೆಯಲ್ಲಿ ಮಾತ್ರ ಸೇರಿಕೊಂಡು, ಆ ದೀಪದ ಕೆಳಗೆ ಹಳದಿಯಾಗಿ ಹೊಳೆಯುತ್ತದೆ. ಯಾವ ತಾರೀಖಿಗೆ ಎಷ್ಟು ಕಟ್ಟಿತು ಅಂತ ಲೆಕ್ಕ ಸಿಗಲಿ ಅಂತ. ನಿನ್ನ ಮೂಳೆಯಲ್ಲಿ ಅದನ್ನು ಹುಡುಕುವುದಕ್ಕೆ ಕಾರಣವೇ ಇರಲಿಲ್ಲ, ಬರೀ ಚಪಲ. ನೋಡಿದರೆ ಕತ್ತಲೆಯಲ್ಲಿ ಹಳದಿ ಉಂಗುರಗಳು! ಕುರ್ಚಿಯಿಂದ ಎದ್ದು ನಿಂತೆ. ಬೇರೆ ಯಾರದ್ದೋ ಚೂರು ಬೆರೆತಿದೆ ಅಂತ ಮೂರು ಸಲ ಮತ್ತೆ ಕೊಯ್ದೆ. ಮೂರರಲ್ಲೂ ಅವೇ.

ಕೆಲವು ಸುರಂಗಗಳಲ್ಲಿ ಉಂಗುರ ಇದೆ, ಅದರ ಒಳಗೆ ಹತ್ತಿರ ಹತ್ತಿರ ಎಪ್ಪತ್ತು ದಿನದ ಹೊಸ ಪದರ, ಅಂದರೆ ಉಂಗುರ ಮಾರ್ಚಿನದ್ದು. ಆದರೆ ಅಂಥ ಒಂದಕ್ಕೆ ಉಂಗುರವಿಲ್ಲದ ಮೂರು ಸುರಂಗಗಳು ಇವೆ. ಅವು ಆಮೇಲೆ ಕೊರೆದವು, ಇನ್ನೂ ಬರೀ ತೂತು. ಕಾಲು ಮುರಿದದ್ದು ಅಲ್ಲಿ. ಅವು ತುಂಬುವುದಕ್ಕೆ ಈ ವರ್ಷ ಪೂರ್ತಿ ಬೇಕಿತ್ತು. ಚಿತ್ರ ಲಗತ್ತಿಸಿದ್ದೇನೆ, ಬಾಣದ ಗುರುತು ಹಾಕಿದ್ದೇನೆ.

ಹೇಳು, ಮಾರ್ಚಿನಲ್ಲಿ ನೀನು ಏನು ಔಷಧ ತೆಗೆದುಕೊಂಡೆ?

ಮೆಂಗಾ

ಸೋನ್ವಿಲಿಯೆ, 5 ಜುಲೈ 1964

ಪ್ರಿಯ ಮೆಂಗಾ,

ಗಂಟಲು ಬಾವು! ಮುದಿ ವೈದ್ಯರು ಹಳದಿ ಮಾತ್ರೆ ಕೊಟ್ಟಿದ್ದರು. ಅವರ ಪುಸ್ತಕದಲ್ಲಿ ತಾರೀಖು ಇದೆ: ಮಾರ್ಚ್ 9ರಿಂದ 16. ಚಿತ್ರವನ್ನು ಅವರಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ನನ್ನ ಮಾತ್ರೆ ಅಲ್ಲಿ ತನಕ ಹೋಯ್ತೇನೇ ಹುಡುಗಿ?" ಅಂದರು. ಸುರಂಗದ ವಿಷಯಕ್ಕೆ ಈಗ ನಗುವುದಿಲ್ಲ.

ನಾನು ದಿನಕ್ಕೆ ಹತ್ತು ಸಲ ಆ ಚಿತ್ರ ನೋಡುತ್ತೇನೆ. ನನ್ನೊಳಗೆ ಇಷ್ಟೆಲ್ಲ ನಡೆಯುತ್ತಿತ್ತು, ನನಗೇ ಗೊತ್ತಿಲ್ಲ! ಒಂದು ಮಾತು ಹೇಳಲೇ? ಆ ವಾರ ಅಪ್ಪ ಅಂಚೆಯವನ ದಾರಿ ಕಾಯುತ್ತಾ ಬಾಗಿಲಲ್ಲೇ ನಿಂತಿರುತ್ತಿದ್ದರು. ನಿಮ್ಮ ಮೊದಲ ಪತ್ರದ ಮೇಲೆ 11 ಮಾರ್ಚ್ ಅಂತ ಇದೆ. ಕುರಿಗಳ ವಿಷಯ ಬರೆಯುವುದೋ ಬೇಡವೋ ಅಂತ ನೀವು ಕೂತಿದ್ದ ದಿನ ನನ್ನ ಕಾಲಲ್ಲಿ ಹಳದಿಯಾಗಿ ಉಳಿದಿದೆ. ಚುಚ್ಚಬೇಕು ಅಂತ ಬರೆಯುತ್ತಿಲ್ಲ. ಸ್ವಲ್ಪ ಚುಚ್ಚಲಿ ಅಂತಲೂ ಇದೆ.

ಹೊಸ ಪ್ಲೇಟು ಯಾವಾಗ ತೆಗೆಯಬಹುದು? ನೀವು ಹೇಳಿದ ಮೇಲೆಯೇ ತೆಗೆಸುವುದು ಅಂತ ಸರ್ಜನ್‌ಗೆ ಹೇಳಿಬಿಟ್ಟಿದ್ದೇನೆ. "ಇಲ್ಲಿ ಡಾಕ್ಟರು ಯಾರಮ್ಮಾ?" ಅಂದರು. ಚಿತ್ರ ಮುಂದಿಟ್ಟೆ.

ಅಪ್ಪ ಇನ್ನೂ ಹಾಗೇ ಇದ್ದಾರೆ. ಉಣ್ಣುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಅಷ್ಟೇ.

ಕ್ಲೋಡಿನ್

ಕೂರ್, 13 ಜುಲೈ 1964

ಪ್ರಿಯ ಕ್ಲೋಡಿನ್,

ಚುಚ್ಚಿತು. ಚುಚ್ಚಬೇಕಾದದ್ದೇ.

ನಿನ್ನ ತಾರೀಖುಗಳನ್ನು ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಹೊರಗಿನವರಿಗೆ ಬರೆದದ್ದಕ್ಕೆ ಕೂಗಾಡಿದರು. ನಾನು ಸುಮ್ಮನೆ ಸೂಕ್ಷ್ಮದರ್ಶಕವನ್ನು ಅವರ ಕಡೆ ತಿರುಗಿಸಿದೆ. ಕೂಗುತ್ತಿದ್ದವರು ಬಗ್ಗಿ ನೋಡಿದರು. ಒಂದು ಗಂಟೆ ಏಳಲಿಲ್ಲ. ನಾಲ್ಕು ಕುರಿಗಳ ಸುದ್ದಿ ಈ ವಾರ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತಿದೆ. ನನ್ನ ಕೆಲಸದ ಬಗ್ಗೆ ಸೆಪ್ಟೆಂಬರಿನಲ್ಲಿ ತೀರ್ಮಾನವಂತೆ, ಆಗಲಿ.

ನಿನ್ನ ಪ್ಲೇಟು: ಬರುವ ವರ್ಷದ ಕ್ರಿಸ್ಮಸ್ಸಿಗೂ ಮೊದಲು ಬೇಡ. ಇದು ಒಂದು ಚೂರನ್ನೂ ಹನ್ನೊಂದು ಕುರಿಗಳನ್ನೂ ನೋಡಿ ಹೇಳುವ ಮಾತು, ತಪ್ಪಾಗಲೂಬಹುದು. ತಪ್ಪು ಅಂತ ಗೊತ್ತಾದ ದಿನವೇ ಬರೆಯುತ್ತೇನೆ.

ಅಪ್ಪನಿಗೆ ಹೇಳು: ಅವರ ಉಪಾಯ ಕೆಟ್ಟದ್ದೇನಲ್ಲ. ಪ್ಲೇಟಿಲ್ಲದ ಮೂಳೆಗಳನ್ನು ತಟ್ಟಿ ನೋಡಿದೆ. ಕೂಡಿದ್ದಕ್ಕೂ ಕೂಡದ್ದಕ್ಕೂ ಸದ್ದು ಬೇರೆ ಬೇರೆಯೇ ಬರುತ್ತದೆ. ನನ್ನ ಕಿವಿ ಸಾಲದು, ಅವರದ್ದು ಬೇಕು.

ಮೆಂಗಾ

ಸೋನ್ವಿಲಿಯೆ, 10 ಆಗಸ್ಟ್ 1964

ಕುಮಾರಿ ಕಾಮೆನಿಶ್ ಅವರಿಗೆ,

ಮೂರು ತಿಂಗಳ ಮೇಲೆ ಪೆನ್ನು ಹಿಡಿದಿದ್ದೇನೆ. ನೀವು ನಿಮ್ಮ ತಪ್ಪನ್ನು ಒಂದೊಂದಾಗಿ ಬಿಡಿಸಿ ಬರೆದಿರಿ. ನಾನು ನಿಮಗೆ ಮೊದಲ ಪತ್ರದಲ್ಲೇ ಸುಳ್ಳು ಹೇಳಿದ್ದೆ.

ಬೇಸಗೆಯಲ್ಲಿ ಪ್ಲೇಟು ತೆಗೆಯೋಣ ಅಂತ ಸರ್ಜನ್ ಯಾವತ್ತೂ ಅನ್ನಲಿಲ್ಲ. ಬರುವ ಚಳಿಗಾಲ ಕಳೆಯಲಿ, ಆಮೇಲೆ ನೋಡೋಣ ಅಂದಿದ್ದರು. ಬೇಸಗೆ ಅಂದವನು ನಾನು. ಏಪ್ರಿಲಿನಲ್ಲಿ ಮೈಕು ಕಟ್ಟಿಕೊಂಡು ಹೋಗಿ, ನಿಮ್ಮ ಪತ್ರ ತೋರಿಸಿ, ಕೂರ್ ಪ್ರಯೋಗಾಲಯದವರೇ ಒಪ್ಪಿದ್ದಾರೆ ಅಂತ ಅವರ ತಲೆ ತಿಂದು ಮೇ 14 ಅನ್ನಿಸಿದೆ. ಮಗಳು ನಗಲಿ ಅಂತ ಮಾಡಿದೆ ಅಂದರೆ ಅರ್ಧ ನಿಜ. ಇನ್ನರ್ಧ, ಅಷ್ಟು ಜನರ ಮುಂದೆ ನನ್ನ ಸ್ಕ್ರೂ ಗೆಲ್ಲಬೇಕಿತ್ತು. ಗ್ರೋಜಾನ್ ಮಾಡಿದ ಕಾಲು ನೋಡಿ ಅಂತ ಜನ ಅನ್ನಬೇಕಿತ್ತು.

ನಿನ್ನೆ ಓಟ. ಕ್ಲೋಡಿನ್ ಹಟ ಹಿಡಿದು ಕರೆದುಕೊಂಡು ಹೋದಳು. ಊರುಗೋಲು ಹಿಡಿದು ಬೇಲಿಯ ಪಕ್ಕ ನಿಂತಿದ್ದಳು. ಅವಳ ಕುದುರೆಯ ಮೇಲೆ ಪಕ್ಕದ ಮನೆಯ ಹುಡುಗಿ ಕೂತಿದ್ದಳು, ನಾಲ್ಕನೆಯವಳಾಗಿ ಬಂದಳು. ಕ್ಲೋಡಿನ್ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಕುದುರೆಗಳೆಲ್ಲ ದಾಟಿ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಗದ್ದಲದ ನಡುವೆಯೇ ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆದರೆ ಹೊಡೆಯಲಿ, ಮನೆ ಬಿಟ್ಟು ಹೋದರೆ ಹೋಗಲಿ ಅಂತ.

ಅವಳು ಓಟದ ದಾರಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಅಪ್ಪಾ," ಅಂದಳು. "ಎರಡನೇ ಸಲ ಪ್ಲೇಟು ಹಾಕಿದ್ರಲ್ಲ, ಅವತ್ತೇ ಸರ್ಜನ್ ಹೇಳಿದ್ರು. ನೀನು ಯಾವಾಗ ಹೇಳ್ತೀಯಾ ಅಂತ ಕಾಯ್ತಾ ಇದ್ದೆ."

ಆಮೇಲೆ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಮೆಲ್ಲಗೆ ಬಸ್ಸಿನ ತನಕ ನಡೆದೆವು.

ಆರ್ಮಾನ್ ಗ್ರೋಜಾನ್